ದೋಣಿ ಮೇಲೆ ಹಾಕಿದ ದಿನ

ನಮಗೂ ಕುಮಾರಧಾರೆಯ ಆಚೆ ದಡದ ಬ್ಯಾರಿ ಕಾಕನ ಮನೆಗೂ ಇದ್ದದ್ದು ಒಂದೇ ಸಣ್ಣ ದೋಣಿ. ಮಳೆಗಾಲಕ್ಕೆ ಮೊದಲು ಅದನ್ನು ದಡಕ್ಕೆಳೆದು ಒಂದು ವರ್ಷ ಅವರ ಕೊಟ್ಟಿಗೆಯಲ್ಲಿ, ಮರುವರ್ಷ ನಮ್ಮ ಸೌದೆ ಕೊಟ್ಟಿಗೆಯಲ್ಲಿ ಕವುಚಿ ಇಡುವುದು ವಾಡಿಕೆ. ನಮ್ಮ ಸರದಿ ಬಂದಾಗ ದೋಣಿ ತಂದ ಕಾಕನಿಗೆ ಮರಳಲು ದೋಣಿ ಇರುತ್ತಿರಲಿಲ್ಲ. ಬಸ್ಸು ಬದಲಿಸಿ ಕಡಬ ಸುತ್ತಿ ಹೋಗಬೇಕಿತ್ತು. ಹಾಗಾಗಿ ಅವತ್ತು ನಮ್ಮಲ್ಲೇ ಉಂಡು, ನನ್ನ ಮಾವನ ಜೊತೆ ಚಾವಡಿಯಲ್ಲಿ ಹರಟುತ್ತಾ ಮಲಗಿ, ಬೆಳಿಗ್ಗೆ ಹೊರಡುತ್ತಿದ್ದರು.

ಈಗ ಹೊಳೆಗೆ ಸೇತುವೆಯಾಗಿದೆ. ಆದರೂ ಈ ವರ್ಷ ಆ ಇಬ್ಬರು ಮುದುಕರು ನನ್ನ ಗಂಡನನ್ನೂ ಸೇರಿಸಿಕೊಂಡು ದೋಣಿ ಎಳೆದು ತಂದರು. ನಾನು ಬೆವರು ಸುರಿಸಿ ಪೇರಿಸಿದ್ದ ಸೌದೆಯನ್ನೆಲ್ಲ ಸರಿಸಿ, ಅಲ್ಲೇ ಕವುಚಿ ಹಾಕಿದರು. ನನಗೆ ಸಿಟ್ಟು ಬಂತು.

"ಬ್ರಿಡ್ಜ್ ಆಯ್ತಲ್ಲ ಕಾಕ, ಇನ್ನು ಈ ದೋಣಿ ಎಂತಕ್ಕೆ? ಮಾರಿಬಿಡಿ" ಎಂದೆ.

ಕಾಕ ಕೈಕಾಲು ತೊಳೆದು ಬಂದು ಚಾವಡಿಯಲ್ಲಿ ಮಾವನ ಪಕ್ಕ ಕುಳಿತರು. ಅಲ್ಲಿಂದ ಸೇತುವೆ ಚೆನ್ನಾಗಿ ಕಾಣುತ್ತದೆ. ಅದನ್ನೇ ನೋಡುತ್ತ ಹೇಳಿದರು:

"ದೋಣಿ ಮೇಲೆ ಹಾಕಿ ಆಯ್ತು. ಇನ್ನು ನಾನು ಮನೆಗೆ ಹೋಗುದು ಹೇಗೆ ಮಗಳೇ?"