ಲಿಂಬೆ ಹಾಕಿ ತಿಕ್ಕಿದ ಬೆರಳು

ಮಗಳ ಹೆರಿಗೆಗೆಂದು ನಾನು ಗಲ್ಫಿನಲ್ಲಿ ಇದ್ದದ್ದು ಮೂರು ತಿಂಗಳು. ವಿಸಿಟ್ ವೀಸಾ ಅಂದರೆ ಅಷ್ಟೇ. ಅಲ್ಲಿ ನಾನು ಕಂಡದ್ದು ಏಳನೇ ಮಾಳಿಗೆಯ ಎರಡು ಕೋಣೆ ಮತ್ತು ಕೆಳಗಿನ ಒಂದು ಅಂಗಡಿ. ಬಾಲ್ಕನಿಯಲ್ಲಿ ಮಗುವಿನ ಬಟ್ಟೆ ಒಣಗಿಸಿದರೆ ದಂಡ. ರಸ್ತೆಯನ್ನು ಬೇಕಾದ ಕಡೆ ದಾಟಿದರೆ ದಂಡ. ಅಷ್ಟು ಬಿಸಿಲಿರುವ ಊರಿನಲ್ಲಿ ಬಟ್ಟೆಯನ್ನು ಕೋಣೆಯೊಳಗೆ ಯಾಕೆ ಒಣಗಿಸಬೇಕೆಂದು ನನಗೆ ತಿಳಿಯಲಿಲ್ಲ, ನಾನು ಕೇಳಲೂ ಇಲ್ಲ. ಮಗುವನ್ನು ಮೀಯಿಸಿದೆ, ಮಗಳಿಗೆ ಪಥ್ಯದ ಅಡುಗೆ ಮಾಡಿ ಹಾಕಿದೆ, ವೀಸಾದ ದಿನ ಮುಗಿಯುವ ಮೊದಲು ಊರಿಗೆ, ಕಾವೂರಿನ ಮನೆಗೆ ವಾಪಸು ಬಂದೆ.

ಮಗಳು ಅಲ್ಲಿ ನರ್ಸ್. ಅಳಿಯನಿಗೆ ಗೋದಾಮಿನಲ್ಲಿ ಕೆಲಸ. ಇಬ್ಬರದೂ ಪಾಳಿಯ ದುಡಿಮೆ. ಅವಳ ಹೆರಿಗೆ ರಜೆ ಇನ್ನೊಂದು ತಿಂಗಳಿತ್ತು. ರಜೆ ಮುಗಿದ ಮೇಲೆ ಹೋಗದಿದ್ದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ವೀಸಾವೂ ಹೋಗುತ್ತದೆ. ಆದ್ದರಿಂದ ನನಗೆ ಒಂದು ವರ್ಷದ ವೀಸಾ ಮಾಡಿಸುವುದೆಂದು ಅವರು ನಿಶ್ಚಯಿಸಿದರು. ನಾನು ಹೋದರೆ ಮಗು ತಾಯಿಯ ಹತ್ತಿರ ಇರುತ್ತದೆ. ಹೋಗದಿದ್ದರೆ ಮಗುವನ್ನು ಇಲ್ಲಿಗೆ ಕಳಿಸಬೇಕು. ವಿಷಯ ಇಷ್ಟೇ.

ಮೊದಲ ಸಲ ಬೆರಳಿನ ಗುರುತು ಕೇಳಿರಲಿಲ್ಲ. ಈ ವೀಸಾಕ್ಕೆ ಹತ್ತು ಬೆರಳಿನದೂ ಬೇಕಿತ್ತು. ಕೊಡಿಯಾಲ್‌ಬೈಲಿನಲ್ಲಿ ಕಾಗದಪತ್ರ ಮಾಡಿಸಿಕೊಡುವ ಏಜೆಂಟ್ ನನ್ನ ಕೈ ತಿರುಗಿಸಿ ನೋಡಿದ.

"ಎಂತ ಕೆಲಸ ಅಮ್ಮ ನಿಮ್ಮದು?"

"ಬೀಡಿ ಕಟ್ಟುದು."

"ಎಷ್ಟು ವರ್ಷ ಆಯ್ತು?"

"ಎಂಟು ವರ್ಷದವಳಿರುವಾಗ ಸುರು ಮಾಡಿದ್ದು."

"ಹಾಗಾದ್ರೆ ಕಷ್ಟ ಉಂಟು. ಗೆರೆಯೇ ಇಲ್ಲ. ಹದಿನೈದು ದಿನ ಬೀಡಿ ಮುಟ್ಬೇಡಿ. ಪಾತ್ರೆ ಸಹ ತೊಳೀಬೇಡಿ. ದಿನಾ ಬೆರಳಿಗೆ ತೆಂಗಿನೆಣ್ಣೆ ಹಾಕಿ. ಗೆರೆ ಮೇಲೆ ಬರ್ತದೆ."

"ಪಾತ್ರೆ ತೊಳೀಲಿಕ್ಕೆ ನೀನು ಬರ್ತೀಯಾ?"

"ನಾನು ಬಂದ್ರೆ ನಿಮ್ಮ ವೀಸಾ ಯಾರು ಮಾಡುದು?" ಎಂದು ಅವನು ನಕ್ಕ.

ಬೀಡಿ ಕಟ್ಟುವವರ ಬೆರಳು ಹಾಗೆಯೇ. ಎಲೆ ಸುರುಳಿ ಮಾಡಿ, ತುದಿ ಮಡಚಿ, ಉಗುರಿನಲ್ಲಿ ಒತ್ತಿ ಒತ್ತಿ ಗೆರೆ ಸವೆಯುತ್ತದೆ. ರೇಷನ್ ಅಂಗಡಿಯ ಮಷೀನು ನನ್ನ ಹೆಬ್ಬೆಟ್ಟನ್ನು ಹಿಡಿಯುವುದೇ ಇಲ್ಲ. ಮೊಬೈಲಿಗೆ ನಂಬರ್ ಬರುತ್ತದೆ, ಅದನ್ನು ಹೇಳಿ ಅಕ್ಕಿ ತರುತ್ತೇನೆ. ವೀಸಾದವರಿಗೆ ನಂಬರ್ ಸಾಕಾಗುವುದಿಲ್ಲವಂತೆ.

ಹದಿನೈದು ದಿನ ಸುಮ್ಮನೆ ಕೂತೆ. ಎಲೆ ತರಲು ಬೀಡಿ ಬ್ರಾಂಚಿಗೆ ಹೋಗಲಿಲ್ಲ. ಪಕ್ಕದ ಮನೆಯವಳು ಬೇಲಿಯಾಚೆಯಿಂದ, "ಎಂತ ಮಾರಾಯ್ತಿ, ಪೆನ್ಶನ್ ಆಯ್ತಾ?" ಎಂದು ಕೇಳಿದಳು. ಪಾತ್ರೆ ತೊಳೆದುಕೊಟ್ಟದ್ದೂ ಅವಳೇ. ಮಗಳು ದಿನಾ ವಿಡಿಯೋ ಕಾಲ್ ಮಾಡಿ ಮೊದಲು ನನ್ನ ಕೈ ನೋಡುತ್ತಿದ್ದಳು, ಆಮೇಲೆ ಮಗುವನ್ನು ತೋರಿಸುತ್ತಿದ್ದಳು. ಹನ್ನೊಂದನೇ ದಿನ ಬಿಸಿಲಿಗೆ ಹಿಡಿದು ನೋಡಿದಾಗ ತೆಳ್ಳಗೆ ಗೆರೆ ಕಂಡಿತು.

ಬೆರಳು ಕೊಡುವ ದಿನ ಬೆಳಿಗ್ಗೆ ಕೈ ನೋಡಿಕೊಂಡೆ. ಹೆಬ್ಬೆರಳು, ತೋರುಬೆರಳಿನಲ್ಲಿ ಹೊಗೆಸೊಪ್ಪಿನ ಕಂದು ಬಣ್ಣ ಹಾಗೇ ಇತ್ತು. ವೀಸಾ ಆಫೀಸಿನ ಮಷೀನಿನ ಗಾಜಿನ ಮೇಲೆ ಇಡಬೇಕಾದ ಕೈ. ಲಿಂಬೆ ಹಿಂಡಿ, ಉಪ್ಪು ಹಾಕಿ, ಹಿಮ್ಮಡಿ ತಿಕ್ಕುವ ಕಲ್ಲಿನಲ್ಲಿ ಹತ್ತೂ ಬೆರಳು ತಿಕ್ಕಿದೆ. ಬಣ್ಣ ಹೋಯಿತು. ಕೈ ಬೆಳ್ಳಗೆ ಚೆಂದ ಕಂಡಿತು. ಪಾತ್ರೆ ತೊಳೆಯಬೇಡಿ ಎಂದಿದ್ದ ಏಜೆಂಟ್, ಕೈ ತೊಳೆಯಬೇಡಿ ಎಂದು ಯಾರೂ ಹೇಳಿರಲಿಲ್ಲ.

ಕೌಂಟರಿನ ಹುಡುಗಿ ನಾಲ್ಕು ಬೆರಳು ಒಟ್ಟಿಗೆ ಇಡಿಸಿದಳು. ಮಷೀನಿನಲ್ಲಿ ಕೆಂಪು ದೀಪ. ಒರೆಸಿ ಇಡಿಸಿದಳು. ಕೆಂಪು. ನನ್ನ ಕೈ ಮೇಲೆ ತನ್ನ ಕೈ ಇಟ್ಟು ಒತ್ತಿದಳು.

"ಬೆಳಿಗ್ಗೆ ಎಂತ ಮಾಡಿದ್ರಿ ಅಜ್ಜಿ?"

"ತೊಳೆದೆ."

"ಎಂತದ್ರಲ್ಲಿ?"

"ಲಿಂಬೆ, ಉಪ್ಪು, ಕಲ್ಲು."

ಅವಳು ಕಂಪ್ಯೂಟರಿನಲ್ಲಿ ಏನೋ ಒತ್ತಿದಳು. "ಗೆರೆ ಎಲ್ಲ ತಿಕ್ಕಿ ಹೋಗಿದೆ. ಇನ್ನು ಇದು ರಿಜೆಕ್ಟ್ ಆಗ್ತದೆ. ಪುನಃ ಅರ್ಜಿ ಹಾಕ್ಬೇಕಾದ್ರೆ ಆರು ತಿಂಗಳು ಕಾಯ್ಬೇಕು ಅಜ್ಜಿ."

ಹೊರಗೆ ಬಂದು ಬಸ್ಸು ಹಿಡಿದೆ. ಅಳು ಬರಲಿಲ್ಲ. ಮನೆಗೆ ಹೋಗಿ ಅನ್ನಕ್ಕಿಟ್ಟು ಮಗಳಿಗೆ ಫೋನ್ ಮಾಡಿದೆ.

"ಯಾಕೆ ತಿಕ್ಕಿದ್ದು ಅಮ್ಮ?"

"ಬಣ್ಣ ಇತ್ತು."

"ಇಷ್ಟು ವರ್ಷ ಇರ್ಲಿಲ್ವಾ?"

ಅನ್ನ ಉಕ್ಕಿತು, ಫೋನು ಕೆಳಗಿಟ್ಟು ಬೆಂಕಿ ಸಣ್ಣ ಮಾಡಿದೆ.

ರಜೆಯ ಕೊನೆಯ ನಾಲ್ಕು ದಿನಕ್ಕೆ ಮಗಳು ಮಗುವನ್ನು ಎತ್ತಿಕೊಂಡು ಊರಿಗೆ ಬಂದಳು. ಒಂದು ಚೀಟಿಯಲ್ಲಿ ಬಾಟಲಿಯ ಹಾಲಿನ ಅಳತೆ, ಚುಚ್ಚುಮದ್ದಿನ ದಿನ ಬರೆದಿಟ್ಟಳು. ಆರು ತಿಂಗಳಾಗುವ ಮೊದಲು ತಾನೇ ಬಂದು ಮಗುವನ್ನು ಒಮ್ಮೆ ಅಲ್ಲಿಗೆ ಮುಟ್ಟಿಸಬೇಕು, ಅದಕ್ಕಿಂತ ಹೆಚ್ಚು ದಿನ ಆ ದೇಶದ ಹೊರಗಿದ್ದರೆ ಮಗುವಿನ ವೀಸಾವೂ ರದ್ದಾಗುತ್ತದೆ ಎಂದಳು. ಲೆಕ್ಕ ಹಾಕಿ ಕ್ಯಾಲೆಂಡರಿನಲ್ಲಿ ಗುರುತು ಮಾಡಿದಳು.

ಎದೆಹಾಲು ಬಿಡಿಸಬೇಕಿತ್ತು. ನಾನು ಪೇಟೆಯಿಂದ ಕಟ್ಟಿದ ಮಲ್ಲಿಗೆಯ ನಾಲ್ಕು ಚೆಂಡು ತಂದೆ. ಮಲ್ಲಿಗೆಯನ್ನು ಎದೆಗೆ ಕಟ್ಟಿದರೆ ಹಾಲು ಬತ್ತುತ್ತದೆ, ನಮ್ಮಲ್ಲಿ ಹೆಂಗಸರು ಮಾಡುವುದೇ ಹಾಗೆ.

"ಇದೆಲ್ಲ ಆಗುದಿಲ್ಲ ಅಮ್ಮ. ಮಾತ್ರೆ ತಿಂದಿದ್ದೇನೆ."

"ಮಾತ್ರೆ ಅದರಷ್ಟಕ್ಕೆ ಇರ್ಲಿ. ಕೈ ಎತ್ತು."

ಎತ್ತಿದಳು. ಹೂ ಇಟ್ಟು ಹಳೆಯ ಸೀರೆಯ ತುಂಡಿನಲ್ಲಿ ಬಿಗಿಯಾಗಿ ಸುತ್ತಿದೆ. ನೋವಿಗೆ ಹಲ್ಲು ಕಚ್ಚಿದಳು. ಎರಡು ದಿನ ಹಾಗೇ ಕಟ್ಟಿದೆ, ಹೊರಡುವ ಬೆಳಿಗ್ಗೆ ಹೊಸ ಹೂ ಹಾಕಿ ಕಟ್ಟಿದೆ.

ಮಧ್ಯಾಹ್ನದ ವಿಮಾನಕ್ಕೆ ಆಟೋದಲ್ಲಿ ಹೊರಟೆವು. ಮಗು ನನ್ನ ಮಡಿಲಲ್ಲಿ ನಿದ್ದೆ ಮಾಡಿತ್ತು. ಆಟೋ ತುಂಬ ಮಲ್ಲಿಗೆಯ ಪರಿಮಳ. ಡ್ರೈವರ್ ಕನ್ನಡಿಯಲ್ಲಿ ನೋಡಿ ಕೇಳಿದ, "ಎಂತ ಅಕ್ಕ, ಮದುವೆ ಮುಗಿಸಿ ಬಂದದ್ದಾ?"

"ಹೌದು," ಎಂದಳು ಮಗಳು.

"ಊಟ ಜೋರಿತ್ತಾ?"

"ಜೋರಿತ್ತು."

ಏರ್‌ಪೋರ್ಟಿನ ಬಾಗಿಲಿನ ತನಕ ಅವನು ಊಟದ ವಿಷಯವನ್ನೇ ಮಾತಾಡಿದ. ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು, ಆಮೇಲೆ ಬ್ಯಾಗು ಎತ್ತಿಕೊಂಡು ಇಳಿದಳು.