ಕೆರೆಯ ನೀರಿನ ಜಾಡಿ

ಮಗಳು ಮೀನಿನ ತೊಟ್ಟಿಯೊಳಗೆ ಮೊಣಕೈವರೆಗೆ ಕೈ ಇಳಿಬಿಟ್ಟಿದ್ದಳು. ಅಂಗಡಿಯಿಂದ ತಂದು ನೆಟ್ಟ ಗಿಡ ಕೆಲವೇ ದಿನಗಳಲ್ಲಿ ಕೊಳೆಯತೊಡಗಿತ್ತು. ಎಲೆಯೊಂದು ಅವಳ ಬೆರಳಿಗಂಟಿ ಹೊರಬಂದಾಗ ಕೋಣೆಯ ತುಂಬ ಕೆರೆದಂಡೆಯ ವಾಸನೆ ಹರಡಿತು. ಹಸಿಮಣ್ಣು, ಪಾಚಿ, ಕಲ್ಲಿನ ಮೇಲೆ ಹರವಿದ ಒದ್ದೆ ಸೀರೆ. "ಅವ್ವ, ಇದು ಸತ್ತೈತಿ. ಕಿತ್ತು ಒಗೀಲೇನು?" ಎಂದಳು. ನಿಮಗೂ ಹೀಗಾಗಿರಬಹುದು: ವಾಸನೆ ಮೊದಲು ಬಂದು ಕೂತುಬಿಡುತ್ತದೆ, ಹೆಸರು ಆಮೇಲೆ ಬರುತ್ತದೆ. ನನಗೆ ಬಂದ ಹೆಸರು ಸುಶೀಲಾ.

ಸುಶೀಲಾ ನನ್ನ ನಾದಿನಿ. ಸವಣೂರಿನ ಆ ಮನೆಗೆ ನಾನು ಸೊಸೆಯಾಗಿ ಬಂದಾಗ, ಪಡಸಾಲೆಯ ಕಿಟಕಿಯ ಕೆಳಗೆ ಹಾಸಿದ ಹಾಸಿಗೆಯಿಂದಲೇ ನನ್ನನ್ನು ನೋಡಿ ನಕ್ಕಿದ್ದಳು. ಚಿಕ್ಕಂದಿನ ಜ್ವರವೊಂದು ಎದೆಗಿಳಿದು ಹೃದಯವನ್ನು ಸೋಲಿಸಿತ್ತು. ಏಳಬಾರದು, ನಡೆಯಬಾರದು ಎಂದು ಡಾಕ್ಟರು ಹೇಳಿದ್ದರು. ಅದಕ್ಕೂ ಮುಂಚೆ ಗೆಳತಿಯರನ್ನು ಕಟ್ಟಿಕೊಂಡು ದಿನವೂ ಕೆರೆಗೆ ಹೋಗುತ್ತಿದ್ದವಳಂತೆ. ಈಗ ಕೆರೆಯಿಂದ ಬಂದವರ ಕಾಲು ನೋಡುತ್ತಿದ್ದಳು. ಕೆಸರು ಎಲ್ಲಿಯವರೆಗೆ ಹತ್ತಿದೆ ಎಂಬುದರಿಂದಲೇ ನೀರು ಎಷ್ಟು ಇಳಿದಿದೆಯೆಂದು ಹೇಳುತ್ತಿದ್ದಳು.

ನಾನೋ ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳು. ಒಲೆ ಹೊತ್ತಿಸಲು ಬಾರದು, ಕರ್ಚೀಫಿನ ಅಂಚಿಗೆ ಹೂವು ಹೆಣೆಯಲು ಬರುತ್ತಿತ್ತು. ಅತ್ತೆಯ ದೃಷ್ಟಿಯಲ್ಲಿ ಅಷ್ಟೇ ನಿರುಪಯೋಗಿಯಾದ ಇನ್ನೊಂದು ವಿದ್ಯೆಯೂ ನನ್ನಲ್ಲಿತ್ತು. ಅಲ್ಲಿನ ಸಿಸ್ಟರೊಬ್ಬರು ಸಾಕಿದ್ದ ಮೀನಿನ ತೊಟ್ಟಿಗೆ ಗಿಡ ನೆಡುವುದು ನನ್ನ ಪಾಲಿನ ಕೆಲಸವಾಗಿತ್ತು. ತೊಳೆದ ನೀರು ತಿಳಿಯಾಗುವವರೆಗೆ ಮರಳು ತೊಳೆಯಬೇಕು. ಬೇರು ಬೆಳ್ಳಗಿರುವ ಗಿಡ ಆರಿಸಬೇಕು. ಬೇರು ಮರಳೊಳಗೆ, ಗಿಡದ ಕುತ್ತಿಗೆ ಮರಳಿನ ಮೇಲೆ. ಬೆಳಕು ಬೇಕು, ಬಿಸಿಲು ಬೇಡ. ಇದನ್ನೆಲ್ಲ ಒಂದು ದಿನ ಹೊತ್ತು ಹೋಗಲೆಂದು ಸುಶೀಲಾಗೆ ಹೇಳಿದೆ.

"ಹಂಗಾರ ಕೆರೀನ ಇಲ್ಲಿಗೆ ತರಬಹುದೇನ್ರಿ ವೈನಿ?" ಎಂದಳು. ಅವಳು ಬಾಯಿಬಿಟ್ಟು ಏನನ್ನಾದರೂ ಬೇಡಿದ್ದು ಅದೇ ಮೊದಲು.

ಯಲವಿಗಿ ಸ್ಟೇಷನ್ನಿನಲ್ಲಿ ತಂತಿ ಕಳಿಸುವ ಕೆಲಸದಲ್ಲಿದ್ದ ನಮ್ಮವರು, ಬಳಸಿ ಬಿಟ್ಟ ಬ್ಯಾಟರಿಯ ದೊಡ್ಡ ಗಾಜಿನ ಜಾಡಿಯೊಂದನ್ನು ಕೇಳಿ ತಂದರು. ಆಸಿಡ್ ಹೋಗಲೆಂದು ನಾನು ತೊಳೆದದ್ದೇ ತೊಳೆದದ್ದು. ಪಂಚಮಿಗೆ ತವರಾದ ಹಾನಗಲ್ಲಿಗೆ ಹೋದವಳು, ಅಲ್ಲಿನ ಕೆರೆಯಿಂದ ಜಡೆಯ ರಿಬ್ಬನ್ನಿನಂತೆ ಉದ್ದುದ್ದ ಎಲೆಯ ಹುಲ್ಲನ್ನು ಬೇರುಸಮೇತ ಬಿಡಿಸಿ, ಸಣ್ಣ ಕೊಡದಲ್ಲಿ ಕೆರೆಯ ನೀರಿನೊಂದಿಗೇ ತುಂಬಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಸೀರೆಯೆಲ್ಲ ತೊಯ್ದಿತ್ತು. ಅತ್ತೆ ಬಾಗಿಲಲ್ಲೇ ನೋಡಿದರು. "ಪಂಚಮಿಗೆ ಹೋದವ್ರು ಉಂಡಿ ತರ್ತಾರ. ನಮ್ಮಾಕಿ ಪಾಚಿ ತಂದಾಳ."

ಸುಶೀಲಾ ನಕ್ಕು ಕೆಮ್ಮಿದಳು. ಮನೆಯೊಳಗೆ ಮೀನು ಕೂಡದೆಂದು ಮೊದಲೇ ಹೇಳಿದ್ದ ಅತ್ತೆ, ಎಲೆಗಳ ನಡುವೆ ಬಂದುಬಿಟ್ಟಿದ್ದ ಕಣ್ಣೆವೆಯಷ್ಟು ಸಣ್ಣ ಮರಿಗಳನ್ನು ಮಾತ್ರ ಕಂಡೂ ಕಾಣದಂತಿದ್ದರು.

ತೊಳೆದ ಮರಳಿನಲ್ಲಿ ಗಾಜಿನ ಬದಿಗೇ ಹುಲ್ಲು ನೆಟ್ಟು, ಕೆರೆಯ ನೀರನ್ನೇ ತುಂಬಿ, ಜಾಡಿಯನ್ನು ಅವಳ ದಿಂಬಿನ ಪಕ್ಕ ಮಣೆಯ ಮೇಲಿಟ್ಟೆವು. ಹೊಸ ನೆಲೆ ಒಗ್ಗದೆ ಎಲೆಗಳು ಒಂದೊಂದಾಗಿ ಕಂದಿದವು, ಗಾಜಿನಂತೆ ಪಾರದರ್ಶಕವಾಗಿ ಕೊಳೆತವು. ನನಗೆ ನೋಡಲಾಗಲಿಲ್ಲ. ಕಾಯಿಲೆಯವಳ ಕಣ್ಣೆದುರು ಕೊಳೆಯುವುದನ್ನು ಇಡುವುದೇ? ತೆಗೆಯಲು ಹೋದರೆ ಅವಳು ನನ್ನ ಕೈ ಹಿಡಿದಳು.

"ಬ್ಯಾಡ್ರಿ ವೈನಿ. ನೀವು ನಿಂತ ನೋಡ್ತೀರಿ, ಎಲಿ ಅಷ್ಟ ಕಾಣತಾವ. ನಾ ಮಲಕೊಂಡ ನೋಡ್ತೇನಿ. ಬೇರು ಇನ್ನೂ ಬೆಳ್ಳಗ ಅದಾವ. ಇರ್ಲಿ ಬಿಡ್ರಿ."

ಬಿಟ್ಟೆ. ದಿನವೂ ಬೆಳಗ್ಗೆ ಕಣ್ಣು ತೆರೆದವಳೇ ಚಿಗುರು ಬಂದಿದೆಯೇ ಎಂದು ಗಾಜಿಗೆ ಮುಖವಿಟ್ಟು ಹುಡುಕುತ್ತಿದ್ದಳು. ಆಮೇಲಾಮೇಲೆ ದಿಂಬಿನಿಂದ ತಲೆಯೆತ್ತಲಾಗದೆ, ಹೊರಳಿ ನೋಡುತ್ತಿದ್ದಳು. ದಸರೆಗೆ ಮುಂಚಿನ ಒಂದು ಮಧ್ಯಾಹ್ನ ಅದೂ ನಿಂತಿತು.

ಸಾವಾದ ಮನೆಯಲ್ಲಿ ತುಂಬಿಟ್ಟ ನೀರು ಉಳಿಯಕೂಡದು. ಅವಳನ್ನು ಒಯ್ದ ಮೇಲೆ ಅತ್ತೆ ಸೆರಗು ಬಿಗಿದು ತಾವೇ ನಿಂತರು. ಹಂಡೆ, ಕೊಡ, ದೇವರ ಮುಂದಿನ ತಂಬಿಗೆ, ಒಂದೊಂದೇ ಬಚ್ಚಲಿಗೆ ಬೋರಲಾದವು. ಅವರ ಕಣ್ಣಲ್ಲಿ ಮಾತ್ರ ಹನಿ ನೀರಿರಲಿಲ್ಲ. ಕೊನೆಗೆ ಜಾಡಿಯ ಹತ್ತಿರ ಬಂದರು. ಬೇಡವೆನ್ನಬೇಕೆಂದಿದ್ದೆ. ಆದರೆ ಹೊಸ ಸೊಸೆ, ಅಂಥ ದಿನ, ಏನೆಂದು ಹೇಳಲಿ? ಅವರು ನೆಲಕ್ಕೆ ಕೂತು ಜಾಡಿಯನ್ನು ಎರಡೂ ಕೈಗಳಿಂದ ತಬ್ಬಿದರು. ಎತ್ತಲಿಲ್ಲ. ಅವರ ಮುಖ ಈಗ ಸುಶೀಲಾಳ ಮುಖವಿರುತ್ತಿದ್ದ ಎತ್ತರದಲ್ಲಿತ್ತು. ನಾನೂ ಪಕ್ಕಕ್ಕೆ ಕೂತೆ. ಕೊಳೆತ ಎಲೆಗಳ ಬುಡದಲ್ಲಿ, ಬಿಳಿ ಬೇರಿನ ಮೇಲೆ, ಉಗುರಿನಷ್ಟು ಹಸಿರು ಎದ್ದಿತ್ತು.

"ಇದು ಮನಿ ನೀರಲ್ಲ," ಎಂದರು ಅತ್ತೆ, ನನಗಲ್ಲ, ಜಾಡಿಗೆ. "ಕೆರಿ ನೀರು. ಕೆರಿಗೆ ಎಲ್ಲಿ ಸೂತಕ."

ಅಲ್ಲಿಯವರೆಗೆ ಬರದಿದ್ದ ಅಳು ಅವರಿಗೆ ಆಗ ಬಂತು.

ಮುಂದೆ ವರ್ಗವಾಗಿ ನಾವು ಊರು ಬಿಡುವಾಗ, ಹುಲ್ಲನ್ನು ನೀರಿಗೆ ಬಿಡಲೆಂದು ಜಾಡಿಯನ್ನು ಅತ್ತೆಯೇ ಸೊಂಟದ ಮೇಲೆ, ಮಗುವನ್ನು ಎತ್ತಿಕೊಂಡಂತೆ, ಎತ್ತಿಕೊಂಡು ಸವಣೂರಿನ ಕೆರೆಯವರೆಗೆ ನಡೆದರು. ಯಾರನ್ನೂ ಮುಟ್ಟಗೊಡಲಿಲ್ಲ. ಮಗಳನ್ನು ಒಯ್ದ ದಿನ ಅವರು ಹೊಸ್ತಿಲಲ್ಲೇ ನಿಲ್ಲಬೇಕಾಗಿತ್ತು.

ನನ್ನ ಮಗಳು ಇನ್ನೂ ಕೈ ನೀರಲ್ಲಿಟ್ಟುಕೊಂಡೇ ಉತ್ತರಕ್ಕೆ ಕಾಯುತ್ತಿದ್ದಳು. ಮೊಣಕಾಲು ಬೇಡವೆಂದರೂ ನೆಲಕ್ಕೆ ಕೂತು ಗಾಜಿಗೆ ಮುಖ ಕೊಟ್ಟೆ. ಚಿಗುರೇನೂ ಕಾಣಲಿಲ್ಲ. ಬೇರು ಬೆಳ್ಳಗಿತ್ತು.

"ಇರ್ಲಿ ಬಿಡು," ಎಂದೆ. ಇಷ್ಟು ವರ್ಷ ಆ ಮಾತನ್ನು ಸುಶೀಲಾಳ ದನಿಯಲ್ಲಿ ಕೇಳುತ್ತ ಬಂದವಳಿಗೆ, ನನ್ನ ದನಿಯಲ್ಲಿ ಅದು ಬೇರೆಯಾಗಿ ಕೇಳಿಸಲಿಲ್ಲ. ಮಗಳು ಕೈ ಒರೆಸಿಕೊಂಡು, ಯಾಕೆಂದು ಕೇಳದೆ, ನನ್ನ ಪಕ್ಕಕ್ಕೆ ಕೂತಳು.