ಹುಳುವಿಲ್ಲದ ಗೋಡು

ಮೊನ್ನೆ ಬೂದಿಗೆರೆ ಹತ್ತಿರದ ಹಳ್ಳಿಯಲ್ಲಿ ನಮ್ಮಕ್ಕ ಎತ್ತಿನ ಗಾಡಿಗೆ ಅಡ್ಡ ನಿಂತುಬಿಟ್ಟಳು. ಗಾಡಿ ಹೊಡೆಯುತ್ತಿದ್ದವರು ಬೇರೆ ಯಾರೂ ಅಲ್ಲ, ಅವಳ ಗಂಡನೇ! (ರಜೆ ಹಾಕಿ ಆರಾಮಾಗಿರೋಣವೆಂದು ಹೋದವನು ನಾನು. ನನ್ನ ಹಣೆಬರಹ ನೋಡಿ.)

ಗಾಡಿಯಲ್ಲಿದ್ದದ್ದು ಊರ ಕುಂಟೆಯ, ಅಂದರೆ ಪುಟ್ಟ ಕೆರೆಯ, ತಳದ ಗೋಡು ಮಣ್ಣು. ಬೇಸಿಗೆಯಲ್ಲಿ ನೀರು ಇಳಿದಾಗ ಅದನ್ನು ಅಗೆದು ಹಿಪ್ಪುನೇರಳೆ ತೋಟಕ್ಕೆ ಹೊಡೆಯುವುದು ಅಲ್ಲಿ ಅಜ್ಜನ ಕಾಲದ ರೂಢಿ. ಸೊಪ್ಪು ಸೊಂಪಾಗಿ ಬರುತ್ತದೆ, ತಿಂದ ರೇಷ್ಮೆ ಹುಳು ಪುಷ್ಟಿಯಾಗುತ್ತದೆ. ಈಗಂತೂ ಯುದ್ಧದ ಕಾಲ, ಪ್ಯಾರಾಶೂಟಿಗೆ ರೇಷ್ಮೆ ಬೇಕಂತೆ. ಇಂಥ ಹೊತ್ತಿನಲ್ಲಿ ಅಡ್ಡಗಾಲೇ?

"ಈ ಗೋಡು ನನ್ನ ತೋಟಕ್ಕೆ ಬೇಡ," ಅಂದಳು ಅಕ್ಕ. "ಒಂದು ಹುಳ ಇದೆಯಾ ಇದ್ರಲ್ಲಿ? ಹೋದ್ವರ್ಷ ಗುದ್ದಲಿ ಹಾಕಿದ್ರೆ ಕೆಂಪು ಹುಳ ಗಿಜಿಗಿಜಿ ಅಂತಿದ್ವು. ಕೊಕ್ಕರೆಗಳು ಹಿಂದಿಂದೇ ಬರ್ತಿದ್ವು. ಈ ಸಲ ಒಂದಾದ್ರೂ ಬಂತಾ?"

ನಾನೂ ಇಣುಕಿದೆ. ನಿಜ. ಒಂದು ಹುಳುವೂ ಇಲ್ಲ.

ಕಾರಣ ಊರಿಗೆಲ್ಲ ಗೊತ್ತು. ಮಳೆಗಾಲವಿಡೀ ಮಲೇರಿಯಾ ಇನ್ಸ್‌ಪೆಕ್ಟರ್ ಬಂದು, ಸೊಳ್ಳೆ ಮರಿ ಸಾಯಲೆಂದು ಕುಂಟೆಗೆ ಹಸಿರು ಪುಡಿ ಉದುರಿಸಿ ಹೋಗುತ್ತಿದ್ದರು. ಅದು ತಳ ಸೇರದೆ ಇನ್ನೆಲ್ಲಿಗೆ ಹೋದೀತು?

"ಲೇ, ಆ ಪುಡಿಯಿಂದಾನೇ ಕಣೇ ನಿನ್ನ ಮಗಳಿಗೆ ಈ ವರ್ಷ ಚಳಿಜ್ವರ ಬಂದಿಲ್ಲ!" ಎಂದರು ಭಾವ. "ಅದನ್ನೇ ಬೈತೀಯಲ್ಲ! ಏನಪ್ಪಾ, ನೀನಾದ್ರೂ ಹೇಳು."

ಏನು ಹೇಳಲಿ? ಅತ್ತ ದರಿ, ಇತ್ತ ಪುಲಿ. ಹೋದ ವರ್ಷ ಆ ಮಗು ಕಂಬಳಿಯೊಳಗೆ ಗಡಗಡ ನಡುಗುವುದನ್ನು ನೋಡಿ ನಾನೇ ಅತ್ತಿದ್ದೆ. ಈಗ ಕುಣಿದಾಡುತ್ತಾಳೆ. ಆ ಪುಡಿಗೆ ಕೈಮುಗಿಯಬೇಕು.

"ನಾನೆಲ್ಲಿ ಬೈದೆ?" ಅಂದಳು ಅಕ್ಕ. "ನೀರಿನ ಹುಳಾನೇ ಉಳಿಸದ ಮಣ್ಣು ನನ್ನ ತಟ್ಟೇಲಿರೋ ರೇಷ್ಮೆ ಹುಳಾನ ಬಿಡತ್ತಾ?"

ಭಾವ ಗೊಣಗಿಕೊಂಡೇ ಗೋಡನ್ನು ಬೇಲಿಯಾಚೆ ಸುರಿದರು. ಹುಳು ಕೈಕೊಟ್ಟರೆ ಮನೆಯಲ್ಲಿ ಒಲೆ ಉರಿಯುವುದಿಲ್ಲವೆಂದು ಅವರಿಗೂ ಗೊತ್ತು.

ಗೆದ್ದ ಅಕ್ಕ ನನಗೊಂದು ಚೊಂಬು ನೀರು ತಂದಳು. ಎಲ್ಲಿಯದು ಎಂದೆ.

"ಕುಂಟೆ ಅಂಚಿನ ಬಾವೀದು ಕಣೋ. ಸೋಸಿದೀನಿ, ಕುಡಿ."

ಕುಡಿಯಲೋ ಬೇಡವೋ ಎನ್ನುವಷ್ಟರಲ್ಲಿ, ಆಡಿ ಬಂದ ಅಕ್ಕನ ಮಗಳು ಚೊಂಬು ಕಸಿದುಕೊಂಡು ಗಟಗಟ ಕುಡಿದೇಬಿಟ್ಟಳು.

ಹುಳುವಿನ ತಟ್ಟೆಗೆ ಇಷ್ಟು ಕಾವಲು ಹಾಕುವ ನಾವು, ಮಕ್ಕಳ ಚೊಂಬಿಗೆ ಹಾಕುವುದು ಯಾವಾಗ?